ಥೀಮ್ ಗಡಿಯಾರ: ಕರೆಂಟ್ ಹೋಗದ ದಿನ ಸಿಕ್ಕಿಬಿದ್ದ ತಪ್ಪು

ಮೊನ್ನೆ ಬೀದರ್‌ನಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಮ್ಮೆಯೂ ಕರೆಂಟ್ ಹೋಗಲಿಲ್ಲ. ನಾನೇ ಮಾಡಿದ ಗಡಿಯಾರ ಅವತ್ತೇ ನಿಂತಿತು.

ಬೋರ್ಡ್ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್‌ನದು, ಪರದೆ 240×320 ಪಿಕ್ಸೆಲ್. ಮೆಮೊರಿ ಕಾರ್ಡ್‌ನಲ್ಲಿ ಮೂರು ಥೀಮ್: ಬೆಳಿಗ್ಗೆ ತೊಗರಿ ಹೊಲ, ಸಂಜೆ ಕೋಟೆ, ರಾತ್ರಿ ಬಿದ್ರಿ ಬಳ್ಳಿ. ಬಟನ್ ಒತ್ತಿಯೂ ಬದಲಿಸಬಹುದು. ಅಣ್ಣನ ಮಗಳಿಗೆ ಅದೇ ಆಟ. ರಾತ್ರಿ ಪರದೆ ಕಪ್ಪಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಬಿದ್ರಿ ಥೀಮೇ ಕಪ್ಪು, ಅಲ್ವಾ!

ಬೋರ್ಡ್ ಬರೆದಿಟ್ಟ ಲಾಗ್ ನೋಡಿದೆ. ಖಾಲಿ ಮೆಮೊರಿ 1,12,000 ಬೈಟ್. ಚಿತ್ರಕ್ಕೆ ಬೇಕಾದದ್ದು ಪಿಕ್ಸೆಲ್‌ಗೆ ಒಂದು ಬೈಟ್‌ನಂತೆ 76,800. ಆದರೂ ಮೆಮೊರಿಯಲ್ಲಿ ಜಾಗ ಕೊಡಿಸುವ ಮ್ಯಾಲಕ್ ಕೈ ಎತ್ತಿದೆ. ಯಾಕೆಂದರೆ ಒಟ್ಟಿಗೆ ಸಿಗುವ ಅತಿ ದೊಡ್ಡ ತುಂಡು 71,000 ಮಾತ್ರ. ಕಲಬುರಗಿ ಬಸ್ಸಿನಲ್ಲಿ ಐದು ಸೀಟು ಖಾಲಿ ಇದ್ದರೂ ಐವರು ಒಂದೇ ಕಡೆ ಕೂರಲು ಆಗದ ಹಾಗೆ. ಥೀಮ್ ಬದಲಾದಾಗಲೆಲ್ಲ ಹಳೆಯ ಚಿತ್ರ, ಫಾಂಟ್‌ನ ಜಾಗ ಬಿಟ್ಟುಕೊಟ್ಟು ಹೊಸದಕ್ಕೆ ಜಾಗ ಕೇಳುತ್ತಿದ್ದೆ. ಅಳತೆ ಒಂದೊಂದಕ್ಕೂ ಬೇರೆ. ಹೀಗೆ ಜಾಗ ಕೊಡುವ ಮೆಮೊರಿ, ಅಂದರೆ ಹೀಪ್, ಚೂರು ಚೂರಾಗಿತ್ತು. ಇಷ್ಟು ದಿನ ಕರೆಂಟ್ ಹೋಗಿ ಬಂದು ಎಲ್ಲ ಹೊಸದಾಗಿ ಶುರುವಾಗುತ್ತಿದ್ದರಿಂದ ತಪ್ಪು ಮುಚ್ಚಿಹೋಗಿತ್ತು.

ಪಿಎಸ್‌ರ್ಯಾಮ್ ಅನ್ನೋ ಹೆಚ್ಚುವರಿ ಮೆಮೊರಿ ಇರುವ ಬೋರ್ಡ್ ತಗೊಂಡರೆ ಈ ಗೋಳೇ ಇಲ್ಲ. ಆದರೆ ಮನೆಯಲ್ಲಿ ಬಿದ್ದಿದ್ದು ಇದೇ.

ದಾರಿ ತೋರಿಸಿದ್ದು ಶೋಕೇಸ್‌ನಲ್ಲಿದ್ದ ಬಿದ್ರಿ ಹೂದಾನಿ. ಕೋಟೆ ಮಣ್ಣು, ನವಸಾರ ಹಚ್ಚಿ ಕಪ್ಪು ಮಾಡಿದ ಲೋಹ, ಅದರೊಳಗೆ ಬೆಳ್ಳಿ ಗೆರೆ. ಇದಕ್ಕೆ 256 ಬಣ್ಣ ಯಾಕೆ? 16 ಸಾಕು. ಆಗ ಒಂದು ಬೈಟ್‌ನಲ್ಲಿ ಎರಡು ಪಿಕ್ಸೆಲ್ ಕೂರುತ್ತವೆ. ಚಿತ್ರಕ್ಕೆ 38,400 ಬೈಟ್, ಬಣ್ಣದ ಪಟ್ಟಿಗೆ 32. ಗಂಟೆ ತೋರಿಸಲು ಪೂರ್ತಿ ಫಾಂಟ್ ಲೋಡ್ ಮಾಡುತ್ತಿದ್ದದ್ದು ನನ್ನದೇ ದಡ್ಡತನ. ೦ಯಿಂದ ೯ ಮತ್ತು ನಡುವಿನ ಎರಡು ಚುಕ್ಕೆ, 40×64 ಅಳತೆಯಲ್ಲಿ ಬರೀ 3,520 ಬೈಟ್.

ಈಗ ಆನ್ ಆದ ಕೂಡಲೇ 49,152 ಬೈಟ್‌ನ ಒಂದೇ ತುಂಡು ಹಿಡಿದುಕೊಳ್ಳುತ್ತದೆ. ಅದನ್ನು ಮತ್ತೆ ಬಿಡುವುದೇ ಇಲ್ಲ. ಥೀಮ್ ಬದಲಾದರೆ ಮೊದಲಿನಿಂದ ಅದರ ಮೇಲೆಯೇ ಬರೆಯುತ್ತದೆ. ಜಾಗ ಮೀರುವ ಥೀಮ್ ಬಂದರೆ ಹಳೆಯದೇ ಉಳಿಯುತ್ತದೆ. ನಿಮಿಷಕ್ಕೊಮ್ಮೆ ಥೀಮ್ ಬದಲಿಸುವ ಹಾಗೆ ಮಾಡಿ, ಯುಪಿಎಸ್‌ಗೆ ಹಾಕಿ ಎರಡು ದಿನ ಓಡಿಸಿದೆ. ಖಾಲಿ ಉಳಿದ ಅತಿ ದೊಡ್ಡ ತುಂಡಿನ ಅಳತೆ ಕದಲಲಿಲ್ಲ.

16 ಬಣ್ಣ ಸಾಲದೆ ತೊಗರಿ ಹೊಲ ಮಾತ್ರ ಕೆಟ್ಟಿತು. "ಆಕಾಶ ಪಟ್ಟಾಪಟ್ಟಿ ಯಾಕ ಆಗ್ಯದ?" ಅಂದರು ಅಮ್ಮ. ಡಿದರಿಂಗ್ ಹಾಕಿ ಬಣ್ಣಗಳನ್ನು ಚುಕ್ಕೆ ಚುಕ್ಕೆಯಾಗಿ ಬೆರೆಸಿದೆ. ದೂರದಿಂದ ಪರವಾಗಿಲ್ಲ. ಹತ್ತಿರ ಹೋದರೆ ಆಕಾಶಕ್ಕೆ ರವೆ ಎರಚಿದ ಹಾಗಿದೆ.