ಹುಣಸೆಹುಳಿ ಹಾಕಿ ತಿಕ್ಕಿದ ವೆಬ್ಲಿ

ಕುಂಬಳೆ ಕಡೆಯ ಹಳೆಮನೆಯೊಂದರ ವೆಬ್ಲಿ ಮಾರ್ಕ್ 6 ರಿವಾಲ್ವರ್ ಅದು. ಲೈಸನ್ಸ್ ಇದ್ದ ಹಿರಿಯರು ತೀರಿಕೊಂಡ ಮೇಲೆ ಬಂದೂಕು ಡೀಲರ ಅಂಗಡಿಯಲ್ಲಿ ಠೇವಣಿ ಇಟ್ಟಿದ್ದರು. ಬೆಲೆ ಕಟ್ಟಲು ನಾವು ಹೋದೆವು. "ಚೊಕ್ಕ ಮಾಡಿಯೇ ಕೊಟ್ಟದ್ದು ಮಾರಾಯ್ರೇ" ಎಂದರು ಮೊಮ್ಮಗ. ನೋಡಿದರೆ ಹುಣಸೆಹುಳಿ, ಬೂದಿ ಹಾಕಿ ಹಿತ್ತಾಳೆ ದೀಪದಂತೆ ತಿಕ್ಕಿದ್ದಾರೆ!

ಬೆಲೆಯ ಮಾತು ಆಮೇಲೆ. ನಳಿಗೆ ಗೋಡೆಯ ಕಡೆಗೆ, ಬೆರಳು ಟ್ರಿಗರ್‌ನಿಂದ ಹೊರಗೆ. ಎಡಬದಿಯ ಲೀವರನ್ನು ಹೆಬ್ಬೆರಳಲ್ಲಿ ಒತ್ತಿದರೆ ನಳಿಗೆ ಕೆಳಕ್ಕೆ ಮಡಚಿಕೊಂಡು, ತೋಟೆಗಳನ್ನು ಮೇಲೆತ್ತುವ ನಕ್ಷತ್ರದ ಆಕಾರದ ಎಕ್ಸ್‌ಟ್ರಾಕ್ಟರ್ ಮೇಲೇಳುತ್ತದೆ. ಖಾಲಿ ಎಂದು ಯಾರೇ ಹೇಳಲಿ, ತೋಟೆ ತುಂಬುವ ಆರೂ ಗೂಡುಗಳನ್ನು ಕಣ್ಣಾರೆ ನೋಡಿಯೇ ಮುಂದಿನ ಕೆಲಸ.

1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾದರಿ ಇದು: 6 ಇಂಚಿನ ನಳಿಗೆ, .455 ಇಂಚು ಅಳತೆಯ ತೋಟೆ, ಸುಮಾರು 1.1 ಕಿಲೋ ತೂಕ. ಸಂಗ್ರಾಹಕರು ಮೊದಲು ಕೇಳುವುದು ನಂಬರ್ ಹೊಂದುತ್ತದೆಯೇ ಎಂದು. ಫ್ರೇಮಿನ, ಅಂದರೆ ಮೂಲ ಚೌಕಟ್ಟಿನ ನಂಬರೇ, ಗೂಡುಗಳಿರುವ ಸಿಲಿಂಡರಿನ ಮೇಲೂ ಇರಬೇಕು. ಇಲ್ಲಿ ಕೊನೆಯ ಎರಡು ಅಂಕಿ ಬೇರೆ. ಸೇನೆಯ ವರ್ಕ್‌ಶಾಪಿನಲ್ಲೇ ಸಿಲಿಂಡರ್ ಬದಲಾಗಿರಬಹುದು, ಆದರೂ ಬೆಲೆ ಇಳಿಯುತ್ತದೆ. ಬಾಣದ ಗುರುತು ಸರ್ಕಾರಿ ಸೊತ್ತಿನದು. ಬಾಣದ ಕೆಳಗೆ ಇಂಗ್ಲಿಷಿನ 'I' ಅಕ್ಷರವಿದ್ದರೆ ಭಾರತ ಸರ್ಕಾರದ್ದು. ಎರಡು ಬಾಣಗಳು ತುದಿಗೆ ತುದಿ ತಾಗಿಸಿಕೊಂಡಿದ್ದರೆ ಸೇನೆಯಿಂದ ಮಾರಿದ್ದು. ಬಾಣವೇ ಇಲ್ಲದೆ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಗುರುತು (ಆಯುಧವನ್ನು ಪರೀಕ್ಷಿಸಿ ಒತ್ತುವ ಮುದ್ರೆ) ಮಾತ್ರ ಇದ್ದರೆ ಅಧಿಕಾರಿ ಸ್ವಂತ ದುಡ್ಡಲ್ಲಿ ಕೊಂಡದ್ದಿರಬಹುದು. ಈ ಗುರುತುಗಳ ಆಳವೇ ಸಾಕ್ಷಿ. ತಿಕ್ಕಿದ ಕಡೆ ಅಂಚು ಸವೆದು ದುಂಡಗಾಗಿತ್ತು, ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಇಸವಿ ಕಾಣುತ್ತಿತ್ತು. ಹಿಡಿಯ ಕರಿ ವಲ್ಕನೈಟ್ (ಗಟ್ಟಿ ರಬ್ಬರ್) ಚಿಪ್ಪುಗಳು ಹೇಗೋ ಪಾರಾಗಿವೆ. ಎಷ್ಟೋ ಕಡೆ ಅದರ ಜಾಗಕ್ಕೆ ಮರ ಬಂದಿರುತ್ತದೆ.

ನಳಿಗೆಯೊಳಗೆ ಹಿಂದಿನಿಂದ ಬೆಳಕು ಬಿಟ್ಟರೆ ಸಣ್ಣ ಗುಳಿಗಳು. ತೋಟೆಯ ಬುಡದಲ್ಲಿ ಕಿಡಿ ಕೊಡುವ ಹಳೆಯ ಪ್ರೈಮರ್ ಸಿಡಿದಾಗ ಉಳಿಯುವ ಉಪ್ಪು ತೇವ ಹೀರುತ್ತದೆ, ನಮ್ಮ ಮಳೆಗಾಲಕ್ಕೆ ಅಷ್ಟೇ ಸಾಕು. ಚರ್ಮದ ಚೀಲದಲ್ಲಿ ಇಟ್ಟದ್ದರಿಂದ ಒಂದು ಬದಿಯಲ್ಲಿ ತುಕ್ಕಿನ ಪಟ್ಟಿಯೂ ಇತ್ತು. ಹತ್ತಿಬಟ್ಟೆ, ಹೊಲಿಗೆ ಮೆಷಿನ್ನಿನ ಎಣ್ಣೆ, ಇಷ್ಟೇ ಮುಟ್ಟಿಸಬೇಕು. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಹೊಸದಾಗಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕಡುನೀಲಿ ಬಣ್ಣ ಬರುವಂತೆ ಮಾಡಿಸುವುದಂತೂ ಬೇಡವೇ ಬೇಡ.

ನಳಿಗೆಯನ್ನೂ ಹಿಡಿಯನ್ನೂ ಹಿಡಿದು ಮೆಲ್ಲ ಅಲ್ಲಾಡಿಸಿದಾಗ ಟಕ್ ಎಂದರೆ ಹಿಂಜೋ ಕೊಂಡಿಯೋ ಸವೆದಿದೆ ಎಂದು. ಇದರಲ್ಲಿ ಸದ್ದಿಲ್ಲ. ಸಿಲಿಂಡರಿನ ಹಿಂಬದಿ ಹೊಳೆಯುವಂತೆ ಕಡೆದಿದ್ದರೆ, ಅದು ಅಮೆರಿಕದ .45 ಆಟೊ ಪಿಸ್ತೂಲು ತೋಟೆಗಾಗಿ ತೆಳುಮಾಡಿದ್ದು. ಆ ತೋಟೆಯ ಒತ್ತಡ .455ಕ್ಕಿಂತ ಹೆಚ್ಚು, ಆಯುಧಕ್ಕೂ ಕೈಗೂ ಅಪಾಯ. ಇದನ್ನು ಕಡೆದಿಲ್ಲ.

ಹೊರದೇಶದ ಹರಾಜಿನ ದರವನ್ನು ರೂಪಾಯಿಗೆ ಗುಣಿಸಿಕೊಂಡು ಬಂದಿದ್ದರು ಮೊಮ್ಮಗ. ಇಲ್ಲಿ ಆ ಲೆಕ್ಕ ನಡೆಯದು. .455 ತೋಟೆ ಹಾರಿಸುವ ರಿವಾಲ್ವರ್ ನಮ್ಮಲ್ಲಿ 'ನಿಷೇಧಿತ ಬೋರ್' (ನಿರ್ಬಂಧ ಇರುವ ನಳಿಗೆಯ ಅಳತೆ), ಲೈಸನ್ಸ್ ಕೇಂದ್ರದಿಂದಲೇ ಬರಬೇಕು. ಕೊಳ್ಳುವವರೇ ಬೆರಳೆಣಿಕೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಸೇರಿ ಒಬ್ಬರಿಗೆ ಎರಡೇ ಆಯುಧ. ಅದೇ 1959ರ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಆಯುಧಕ್ಕೆ ವಿನಾಯಿತಿ ಇದೆಯಲ್ಲ ಎಂದು ಅವರ ವಾದ. ಇದೆ, ಆದರೆ ರಿಪೇರಿ ಮಾಡಿದರೂ ಗುಂಡು ಹಾರದಂಥದ್ದಕ್ಕೆ ಮಾತ್ರ. ಈ ವೆಬ್ಲಿ ಈಗಲೂ ಹಾರಿಸುತ್ತದೆ. ಹಾಗಾಗಿ ಚೀಟಿಯಲ್ಲಿ ಎರಡೂ ನಂಬರ್, ಗುರುತುಗಳ ಫೋಟೊ, ನಳಿಗೆಯ ಸ್ಥಿತಿ ಬರೆದು, ದರದ ಜಾಗ ಖಾಲಿ ಬಿಟ್ಟು ಡೀಲರ ಕೈಗೆ ಕೊಟ್ಟೆವು.