ಮೋಹನಕ್ಕೆ ಜಿ ಮೇಜರ್ ಹಾಕಿ ಬೈಸಿಕೊಂಡಿದ್ದು

ನಾನು ಕೀಬೋರ್ಡ್ ನುಡಿಸುವವನು. ಬೆಂಗಳೂರಿನಲ್ಲಿ ಸುಗಮ ಸಂಗೀತದ ಕಾರ್ಯಕ್ರಮ, ಗಣೇಶನ ಹಬ್ಬದ ಪೆಂಡಾಲ್, ನಡುವೆ ಒಂದಿಷ್ಟು ರೆಕಾರ್ಡಿಂಗ್, ಇದೇ ಹೊಟ್ಟೆಪಾಡು. ಕಲಿತದ್ದು ಪಾಶ್ಚಾತ್ಯ ಪದ್ಧತಿ. ಹಾಡು ಮೇಜರ್ ಸ್ಕೇಲ್ ಥರ ಕೇಳಿಸಿದರೆ ಸಿ, ಎಫ್, ಜಿ ಮೂರು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಇದ್ದರೆ ಸಾಕು, ಗಾಡಿ ಓಡುತ್ತದೆ ಅಂತ ನಂಬಿದ್ದೆ.

ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ರಿಹರ್ಸಲ್. ಭಾವಗೀತೆ, ರಾಗ ಮೋಹನ. ಗಾಯಕಿಯ ಶ್ರುತಿ, ಅಂದರೆ ಅವರ ಸ, ಜಿ ಶಾರ್ಪ್. ನಾನು ಟ್ರಾನ್ಸ್‌ಪೋಸ್ ಬಟನ್ ಒತ್ತಿ, ಸಿ ಒತ್ತಿದರೆ ಜಿ ಶಾರ್ಪ್ ಕೇಳಿಸುವ ಹಾಗೆ ಮಾಡಿ, ಸಿ ಯಲ್ಲೇ ಕೂತಿದ್ದೆ (ನಮ್ಮಲ್ಲಿ ಬಹಳ ಜನ ಹೀಗೇ ಮಾಡೋದು, ಮುಚ್ಚಿಡುವುದೇನಿದೆ). ಪಲ್ಲವಿ ಮುಗಿಯುವಾಗ ಜಿ ಮೇಜರ್ ಒತ್ತಿ ಠೀವಿಯಿಂದ ಸಿ ಗೆ ಬಂದೆ. ಪಿಟೀಲಿನವರು ಕಮಾನು ಕೆಳಗಿಟ್ಟರು.

"ಏನ್ರೀ, ಅವರು ಮೋಹನ ಹಾಡ್ತಿದ್ರೆ ನೀವು ಬಿಲಹರಿಗೆ ಎಳ್ಕೊಂಡು ಹೋಗ್ತಿದೀರಲ್ಲ?"

ಮೊದಲು ಸಿಟ್ಟೇ ಬಂತು. ಆಮೇಲೆ ಬೆರಳು ನೋಡಿಕೊಂಡೆ. ಮೋಹನದಲ್ಲಿ ಇರುವುದು ಸ ರಿ ಗ ಪ ದ, ಅಂದರೆ ಸಿ, ಡಿ, ಇ, ಜಿ, ಎ. ಮ ಇಲ್ಲ, ನಿ ಇಲ್ಲ. ಜಿ ಮೇಜರ್ ಅಂದರೆ ಜಿ, ಬಿ, ಡಿ. ಆ ಬಿ ಕಾಕಲಿ ನಿಷಾದ, ಅಂದರೆ ನಿ. ಎಫ್ ಮೇಜರ್ ಒತ್ತಿದರೆ ಶುದ್ಧ ಮಧ್ಯಮ, ಅಂದರೆ ಮ, ಒಳಗೆ ಬರುತ್ತದೆ. ಬಿಲಹರಿ ಇನ್ನೊಂದು ರಾಗ; ಅದರ ಆರೋಹಣ (ಸ್ವರ ಏರುವ ಕ್ರಮ) ಮೋಹನದ್ದೇ, ಅವರೋಹಣದಲ್ಲಿ (ಇಳಿಯುವಾಗ) ಜಾಸ್ತಿ ಬರುವುದು ಸರಿಯಾಗಿ ಇವೇ ಎರಡು ಸ್ವರ! ಹಾಡಿನಲ್ಲಿ ಇಲ್ಲದ ಸ್ವರಗಳನ್ನು ನಾನು ಎಡಗೈಯಿಂದ ಹಾಡಿಸುತ್ತಿದ್ದೆ.

ಅವತ್ತಿನಿಂದ ಕಾರ್ಡಿನ ಹೆಸರು ನೋಡುವುದು ಬಿಟ್ಟು ಅದರ ಹೊಟ್ಟೆಯೊಳಗೆ ಯಾವ ಸ್ವರ ಇದೆ ಅಂತ ನೋಡುತ್ತೇನೆ. ಜಿ ಬೇಕೇ ಬೇಕು ಅನ್ನಿಸಿದರೆ ಜಿ ಸಸ್ ಫೋರ್ ಇದೆ: ಜಿ, ಸಿ, ಡಿ, ಅಂದರೆ ಪ, ಸ, ರಿ. ಜಿ ಸಸ್ ಟೂ ಕೂಡ ಆಗುತ್ತದೆ, ಪ, ದ, ರಿ. ಮನೆಗೆ ವಾಪಸ್ ಬರುವ ಆ ಎಳೆತ ಜಿ ಮೇಜರ್‌ನಷ್ಟು ಇರುವುದಿಲ್ಲ, ನಿಜ, ಯಾಕೆಂದರೆ ಸಿ ಗೆ ತಳ್ಳುತ್ತಿದ್ದದ್ದೇ ಆ ಬಿ. ಆದರೆ ಮೋಹನಕ್ಕೆ ಅಷ್ಟು ತಳ್ಳಾಟ ಬೇಕಾಗಿಯೂ ಇಲ್ಲ.

ಬೇಸ್ (ಎಲ್ಲಕ್ಕಿಂತ ಕೆಳಗಿನ ಸ್ವರ) ವಿಷಯ ಗೊತ್ತಾಗಿದ್ದು ಇನ್ನೊಂದು ರೆಕಾರ್ಡಿಂಗ್‌ನಲ್ಲಿ, ಅದೂ ಮೋಹನವೇ. ಸಿ ಸಿಕ್ಸ್‌ನಲ್ಲಿ ಸಿ, ಇ, ಜಿ, ಎ. ಎ ಮೈನರ್ ಸೆವೆನ್‌ನಲ್ಲೂ ಅವೇ ನಾಲ್ಕು. ಎಲ್ಲಾ ಮೋಹನದೊಳಗಿನವೇ ಅಲ್ವಾ, ಏನು ತೊಂದರೆ ಅಂತ ಒಂದಿಡೀ ಚರಣಕ್ಕೆ ಕೆಳಗೆ ಎ ಹಿಡಿದುಕೊಂಡೆ. ಗಾಯಕಿ ಎರಡು ಸಲ ತಡವರಿಸಿ ಹೆಡ್‌ಫೋನ್ ತೆಗೆದರು. "ಸಾರ್, ಷಡ್ಜ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ." ಷಡ್ಜ ಅಂದರೆ ಸ. ಮೋಹನದ ಧೈವತವನ್ನೇ (ದ, ಅಂದರೆ ಎ) ಷಡ್ಜ ಮಾಡಿಕೊಂಡರೆ ಶುದ್ಧ ಧನ್ಯಾಸಿ ಅನ್ನುವ ಬೇರೆ ರಾಗದ ಸ್ವರಗಳು ಸಿಗುತ್ತವೆ. ಬೇಸಿನಲ್ಲಿ ಎ ಊರಿಬಿಟ್ಟರೆ ಕಿವಿ ಅದನ್ನೇ ಷಡ್ಜ ಅಂದುಕೊಳ್ಳುತ್ತದೆ, ಪಾಪ ಅವರೇನು ಮಾಡಿಯಾರು. ಈಗ ಎ ಒಂದು ಆವರ್ತನ (ತಾಳದ ಒಂದು ಸುತ್ತು) ಮುಟ್ಟಿ ಬಿಡುತ್ತೇನೆ, ಅಷ್ಟೇ.

ಇನ್ನೊಂದು ಸೂಕ್ಷ್ಮ. ಗಾಯಕರು ಗಾಂಧಾರದ (ಗ) ಮೇಲೆ ನಿಂತಾಗ ನಾನು ಇ ಕೈಬಿಡುತ್ತೇನೆ. ಒಳ್ಳೆ ತಂಬೂರಿ ಮೀಟಿದರೆ ಷಡ್ಜದ ತಂತಿಯಿಂದಲೇ ಅಂತರ ಗಾಂಧಾರ ಕೇಳಿಸುತ್ತದೆ, ಅದು ಐದನೇ ಹಾರ್ಮೋನಿಕ್, ಅಂದರೆ ಷಡ್ಜದ ಐದು ಪಟ್ಟು ಕಂಪನದ ನಾದ. ಗಾಯಕರ ಕಿವಿ ಕೂರುವುದು ಅಲ್ಲಿ. ಕೀಬೋರ್ಡಿನ ಇ ಅದಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ, ಒಂದು ಅರ್ಧ ಸ್ವರ ಅಂದರೆ 100 ಸೆಂಟ್. ಸ್ಟ್ರಿಂಗ್ಸ್ ಟೋನ್ ಇಟ್ಟು ಸುಮ್ನೆ ಎಳೆದರೆ ಎರಡೂ ಗಾಂಧಾರ ಒಂದಕ್ಕೊಂದು ಉಜ್ಜುತ್ತವೆ. ಸ, ಪ ಮಾತ್ರ ಹಿಡಿದರೆ ಜಗಳವೇ ಇಲ್ಲ.

ಮೊನ್ನೆ ಹಂಸಧ್ವನಿಯ ಹಾಡು ಬಂತು. ಹೊಸದಾಗಿ ಸೇರಿದ ಬೇಸ್ ಗಿಟಾರ್ ಹುಡುಗ ನನ್ನ ಮೋಹನದ ಚೀಟಿ ನೋಡಿಕೊಂಡು, "ಸಾರ್, ಇಲ್ಲೂ ಜಿ ಮೇಜರ್ ಬೇಡ, ಎ ಮೈನರ್ ಓಕೆ, ಅಲ್ವಾ?" ಅಂದ. ಇಲ್ಲಪ್ಪಾ, ಇಲ್ಲಿ ಉಲ್ಟಾ. ಸ ರಿ ಗ ಪ ನಿ. ಜಿ ಮೇಜರ್ ಆರಾಮಾಗಿ ಕೂರುತ್ತದೆ, ಇ ಮೈನರ್ ಕೂಡ. ಧೈವತವೇ ಇಲ್ಲ, ಎ ಮುಟ್ಟಬೇಡ. ಅವನು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಪೆನ್ನು ಕೇಳಿದ.