ಸ್ವಾಪ್ ಇಲ್ಲದ ಸರ್ವರಿನ 40 ನಿಮಿಷ

ಸರ್ವರ್ ಎದ್ದಿದೆಯೇ ಎಂದು ಪಿಂಗ್ ಕೊಟ್ಟರೆ ಉತ್ತರ ಬರುತ್ತಿದೆ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಲು ಮಾತ್ರ ಆಗುತ್ತಿಲ್ಲ. 8 ಜಿಬಿ ರ್‍ಯಾಮ್‌ನ ಲಿನಕ್ಸ್ ಸರ್ವರ್. ಮೆಮೊರಿ ಸಾಲದಾಗ ಅದರಲ್ಲಿದ್ದುದನ್ನು ಸಾಗಿಸಿಡಲು ಡಿಸ್ಕಿನಲ್ಲಿ ಮೀಸಲಿಡುವ ಜಾಗವೇ ಸ್ವಾಪ್. ಅದು ಇದ್ದರೆ ಮಷೀನು ನಿಧಾನವಾಗುತ್ತದೆಂದು ಸೆಟಪ್ ದಿನವೇ ಅದನ್ನು ತೆಗೆದುಹಾಕಲಾಗಿತ್ತು. ಆ ಸಂಜೆ ವರದಿ ತಯಾರಿಸುವ ಒಂದು ಪ್ರೋಗ್ರಾಮು ರ್‍ಯಾಮ್ ಪೂರ್ತಿ ನುಂಗಲು ಹೊರಟಿತ್ತು.

ಮೊದಲೇ ತೆರೆದಿದ್ದ ಟರ್ಮಿನಲ್ಲಿನಲ್ಲಿ ಮೆಮೊರಿ, ಡಿಸ್ಕುಗಳ ಓಡಾಟ ತೋರಿಸುವ ವಿಎಂಸ್ಟ್ಯಾಟ್ ಓಡುತ್ತಿತ್ತು. ಸ್ವಾಪ್‌ನ ಎರಡೂ ಕಾಲಮ್ಮು ಸೊನ್ನೆ. ಇಲ್ಲದ ಸ್ವಾಪ್ ಇನ್ನೇನು ತೋರಿಸೀತು! ಡಿಸ್ಕಿನಿಂದ ಓದುವ ‘ಬಿಐ’ ಮಾತ್ರ ಏರುತ್ತಲೇ ಇತ್ತು. ರೋಗದ ಗುರುತು ಅಲ್ಲಿತ್ತು.

ಲಿನಕ್ಸ್‌ನ ತಿರುಳಾದ ಕರ್ನೆಲ್ ಮೆಮೊರಿಯನ್ನು ‘ಪುಟ’ಗಳೆಂಬ ತುಂಡುಗಳಲ್ಲಿ ಹಂಚುತ್ತದೆ. 8 ಜಿಬಿ ಎಂದರೆ 4 ಕೆಬಿಯ ಸುಮಾರು 21 ಲಕ್ಷ ಪುಟ. ಖಾಲಿ ಪುಟಗಳು ‘ಲೋ’ ಗುರುತಿಗಿಂತ ಕೆಳಗಿಳಿದರೆ ಕರ್ನೆಲ್‌ನ ಸಹಾಯಕ ಕೆಸ್ವಾಪ್‌ಡಿ ಎದ್ದು, ‘ಹೈ’ ಮುಟ್ಟುವವರೆಗೆ ಹಿನ್ನೆಲೆಯಲ್ಲಿ ಪುಟ ಬಿಡಿಸುತ್ತದೆ. ‘ಮಿನ್’ಗೂ ಕೆಳಗೆ ಹೋದರೆ ಮೆಮೊರಿ ಕೇಳಿದ ಪ್ರೋಗ್ರಾಮೇ ನಿಂತು ಪುಟ ಹುಡುಕಬೇಕು. ಫೈಲಿನಿಂದ ಬಂದು ಬದಲಾಗದೆ ಉಳಿದ ಪುಟವನ್ನು ಹಾಗೇ ಬಿಸಾಡಬಹುದು, ಬೇಕಾದರೆ ಡಿಸ್ಕಿನಲ್ಲಿದೆ. ಪ್ರೋಗ್ರಾಮು ಓಡುವಾಗ ತನ್ನ ಡೇಟಾ ಇಡುವ ಹೀಪ್, ಸ್ಟ್ಯಾಕ್‌ಗಳಿಗೆ ಹಿಂದೆ ಫೈಲಿಲ್ಲ. ಸ್ವಾಪ್ ಇಲ್ಲದಿದ್ದರೆ ಅವು ಕದಲುವುದಿಲ್ಲ, ಗಂಟೆಗಟ್ಟಲೆ ಯಾರೂ ಮುಟ್ಟದಿದ್ದರೂ. ಕೊನೆಗೆ ಕರ್ನೆಲ್ ಕೈಹಾಕುವುದು ಓಡುತ್ತಿರುವ ಪ್ರೋಗ್ರಾಮುಗಳ ಕೋಡಿಗೇ, ಏಕೆಂದರೆ ಅದೂ ಫೈಲ್ ಪುಟವೇ. ಬಿಸಾಡಿದ ಮರುಕ್ಷಣ ಅದೇ ಪುಟ ಬೇಕು, ಮತ್ತೆ ಡಿಸ್ಕಿನಿಂದ ಓದು. ಎಸ್‌ಎಸ್‌ಎಚ್ ಸಿಕ್ಕಿಕೊಂಡಿದ್ದು ಈ ಗಾಣದಲ್ಲಿ.

ಮೆಮೊರಿ ಮುಗಿದಾಗ ಒಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡುವ ಓಓಎಂ ಕಿಲ್ಲರ್ ಯಾಕೆ ಬರಲಿಲ್ಲ? ಹುಡುಕಿದರೂ ಒಂದು ಪುಟವೂ ಸಿಗದ ಸುತ್ತು ಸತತ 16 ದಾಟಿದರೆ ಕರ್ನೆಲ್ ಸೋಲೊಪ್ಪಿ ಅದನ್ನು ಕರೆಯುತ್ತದೆ. ನಡುವೆ ನಾಲ್ಕು ಪುಟ ಸಿಕ್ಕರೂ ಎಣಿಕೆ ಮತ್ತೆ ಸೊನ್ನೆಯಿಂದ. ಕೋಡ್ ಪುಟಗಳು ಸಿಗುತ್ತಲೇ ಇದ್ದವು.

ಕನ್ಸೋಲಿನಲ್ಲಿ ಆಲ್ಟ್, ಸಿಸ್‌ಆರ್‌ಕ್ಯೂ, ಎಫ್ ಒತ್ತಿದರೆ ಓಓಎಂ ಕಿಲ್ಲರನ್ನು ಕೈಯಾರೆ ಕರೆಯಬಹುದು. ಅದೂ ಕೆಲಸ ಮಾಡಲಿಲ್ಲ: ಯಾವ ಸಿಸ್‌ಆರ್‌ಕ್ಯೂ ಕೆಲಸಗಳಿಗೆ ಅನುಮತಿ ಎಂಬುದು ಒಂದೊಂದರ ಸಂಖ್ಯೆ ಕೂಡಿದ ಮೊತ್ತ, ಈ ಸರ್ವರಿನ ಉಬುಂಟು ಲಿನಕ್ಸ್‌ನ ಡೀಫಾಲ್ಟ್ 176ರಲ್ಲಿ ಅದಕ್ಕೆ ಬೇಕಾದ 64 ಸೇರಿಲ್ಲ. 240 ಮಾಡಿಟ್ಟಿರಬೇಕಿತ್ತು. 40 ನಿಮಿಷದ ನಂತರ ಉಳಿದದ್ದು ಪವರ್ ಬಟನ್.

ಮರುದಿನ 2 ಜಿಬಿಯ ಸ್ವಾಪ್ ಫೈಲು: ಒಡೆಯನಷ್ಟೇ ಓದಿ ಬರೆಯುವಂತೆ ಅನುಮತಿ 600, ಸಿದ್ಧಪಡಿಸಲು ಎಂಕೆಸ್ವಾಪ್, ಚಾಲೂ ಮಾಡಲು ಸ್ವಾಪ್‌ಆನ್, ಪ್ರತಿ ಬೂಟಿನಲ್ಲೂ ತಾನಾಗಿ ಬರಲು ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು. ಕರ್ನೆಲ್ ಸ್ವಾಪಿನ ಕಡೆ ಎಷ್ಟು ವಾಲಬೇಕೆಂದು ಹೇಳುವ ಸ್ವಾಪಿನೆಸ್ 60ರಲ್ಲೇ ಉಳಿಯಿತು. ಅದು ಶೇಕಡಾ ಅಲ್ಲ, 5.8ನೇ ಕರ್ನೆಲ್‌ನಿಂದ 200ರವರೆಗೆ ಹೋಗುತ್ತದೆ, 100 ಎಂದರೆ ಫೈಲಿನ ಪುಟ, ಹೀಪ್-ಸ್ಟ್ಯಾಕ್ ಪುಟ ಎರಡನ್ನೂ ಹೊರಹಾಕುವ ಖರ್ಚು ಸಮ ಎಂದರ್ಥ. ಆದರೆ ಸ್ವಾಪ್ ಒಂದೇ ಸಾಲದು, ಮೆಮೊರಿ ಸೋರುವ ಪ್ರೋಗ್ರಾಮು ಅದನ್ನೂ ತುಂಬಿಸುತ್ತದೆ. ಆದ್ದರಿಂದ ವರದಿಯ ಸರ್ವಿಸಿಗೆ ಸರ್ವಿಸುಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ‘ಮೆಮೊರಿಮ್ಯಾಕ್ಸ್’ (ದಾಟಬಾರದ ಮಿತಿ) 5 ಜಿಬಿ, ಎಸ್‌ಎಸ್‌ಎಚ್ ಸರ್ವಿಸಿಗೆ ‘ಮೆಮೊರಿಮಿನ್’ (ಕರ್ನೆಲ್ ಕಸಿಯದ ಪಾಲು) 64 ಎಂಬಿ. ಈ ಎರಡನೆಯದರಲ್ಲಿ ಎಡವುವವರು ಬಹಳ: ಸರ್ವಿಸುಗಳನ್ನು ಒಳಗೊಂಡ ಮೇಲಿನ ಗುಂಪಾದ ಸಿಸ್ಟಮ್ ಸ್ಲೈಸಿಗೂ ಅಷ್ಟು ಕೊಡದಿದ್ದರೆ ಕೆಳಗೆ ಬರೆದದ್ದಕ್ಕೆ ಬೆಲೆಯೇ ಇಲ್ಲ.